ಕತ್ತರಿಯಕ್ಕ ಮಂಚ ತಿರುಗಿಸಿದ್ದು

ಆ ಬೀದಿಯ ಗಂಡಸರೆಲ್ಲ ತಲೆ ಬಗ್ಗಿಸುತ್ತಿದ್ದದ್ದು ಒಬ್ಬಳೇ ಹೆಂಗಸಿಗೆ. ಬಗ್ಗಿಸದೆ ಮಾಡುವುದೇನು, ಕತ್ತರಿ ಅವಳ ಕೈಯಲ್ಲಿತ್ತು! ಅವಳಿಗೊಂದು ನಿಜವಾದ ಹೆಸರು ಇದ್ದದ್ದು ಗಂಡನಿಗಾದರೂ ನೆನಪಿತ್ತೋ ಇಲ್ಲವೋ. ಎಲ್ಲರ ಬಾಯಲ್ಲೂ ಅವಳು ಕತ್ತರಿಯಕ್ಕ.

ಎರಡು ವರ್ಷದ ಹಿಂದೆ ಗಂಡನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿದವು. ಮಾತು ಉಳಿಯಿತು, ಆದರೆ ನಿಧಾನವಾಯಿತು. ಅವನ ಕ್ಷೌರದಂಗಡಿಯ ಶಟರ್ ಮೂರು ವಾರ ಇಳಿದೇ ಇತ್ತು. ನಾಲ್ಕನೇ ವಾರ ಇವಳೇ ಹೋಗಿ ಎತ್ತಿದಳು. "ಹೆಂಗಸು ಗಂಡಸರ ಗಡ್ಡಕ್ಕೆ ಕೈ ಹಾಕೋದಾ? ಕಾಲ ಕೆಟ್ಟುಹೋಯ್ತು" ಎಂದು ಬೀದಿಯೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. "ಇಟ್ಕೊಳ್ಳಲಿ. ಮೂಗೂ ಅವರದೇ, ಬೆರಳೂ ಅವರದೇ" ಎಂದಳು ಇವಳು. ಇಪ್ಪತ್ತು ವರ್ಷ ಗಂಡನ ಪಕ್ಕ ನಿಂತು ಟವೆಲ್ ಕೊಟ್ಟವಳು, ಅವನ ಕೈ ನೋಡಿ ನೋಡಿಯೇ ಕೆಲಸ ಕಲಿತವಳು. ಮೊದಲ ಗಿರಾಕಿಯ ಕಿವಿಯಲ್ಲಿ ಚೂರು ರಕ್ತ ಬಂದದ್ದು ನಿಜ. ಎರಡನೆಯವನಿಗೆ ಬರಲಿಲ್ಲ. ಆರು ತಿಂಗಳಲ್ಲಿ, ಬೆರಳಿಟ್ಟುಕೊಂಡಿದ್ದವರೇ ಬೆಂಚಿನ ಮೇಲೆ ಸಾಲಾಗಿ ಕೂತು ಕಾಯತೊಡಗಿದರು.

ಅಂಗಡಿಯ ಟೀವಿ ಇದ್ದದ್ದು ಗಿರಾಕಿಯ ಬೆನ್ನ ಹಿಂದಿನ ಗೋಡೆಯ ಮೇಲೆ. ಅದು ಗಂಡನ ಕಾಲದ ಉಪಾಯ. ಟೀವಿ ಪಕ್ಕದಲ್ಲಿದ್ದರೆ ಗಿರಾಕಿ ಕತ್ತು ತಿರುಗಿಸುತ್ತಾನೆ, ಕಿವಿ ಹೋಗುತ್ತದೆ. ಹಿಂದೆ ಇದ್ದರೆ ಎದುರಿನ ಕನ್ನಡಿಯಲ್ಲೇ ನೋಡಿಕೊಂಡು ತಲೆ ನೆಟ್ಟಗಿಟ್ಟು ಕೂರುತ್ತಾನೆ. ಹಾಗಾಗಿ ಕತ್ತರಿಯಕ್ಕನೂ ಟೀವಿ ನೋಡುತ್ತಿದ್ದದ್ದು ಕನ್ನಡಿಯಲ್ಲೇ. ಬೆಂಚಿನವರ ಹರಟೆ, ಕೂದಲು ತೆಗೆಯುವ ಮೆಷಿನ್ನಿನ ಗುಂಯ್‌ಗುಟ್ಟುವಿಕೆಯ ನಡುವೆ ಮಾತು ಒಂದೂ ಕೇಳಿಸುತ್ತಿರಲಿಲ್ಲ. ಪರದೆಯ ಮೇಲೆ ಓಡುವ ಅಕ್ಷರ ಓದೋಣವೆಂದರೆ, ಕತ್ತಿ ಹಿಡಿದವಳಿಗೆ ಪುರುಸೊತ್ತೆಲ್ಲಿ?

ಬೆಳಿಗ್ಗೆ ಹನ್ನೊಂದಕ್ಕೆ ಮನೆ ಅಲಂಕಾರದ ಸ್ಪರ್ಧೆಯೊಂದು ಬರುತ್ತಿತ್ತು. ಎಂಟು ಮಂದಿ ಸ್ಪರ್ಧಿಗಳು, ತಲೆಗೊಂದು ಹಾಳುಬಿದ್ದ ಕೋಣೆ, ಎರಡು ದಿನದ ಗಡುವು. ಕತ್ತರಿಯಕ್ಕ ಆ ಹೊತ್ತಿಗೆ ಸರಿಯಾಗಿ ಆ ಚಾನೆಲ್ಲಿಗೆ ಬದಲಿಸಿಬಿಡುತ್ತಿದ್ದಳು.

"ಗೋಡೆಗೆ ಬಣ್ಣ ಬಳಿಯೋದನ್ನ ಏನು ನೋಡೋದಕ್ಕಾ? ಸುದ್ದಿ ಹಾಕಿ" ಎಂದು ಲಾರಿ ಡ್ರೈವರೊಬ್ಬ ಗೊಣಗಿದ.

ನೊರೆ ಹಚ್ಚಿದ್ದ ಅವನ ಗಂಟಲ ಮೇಲೆ ಕತ್ತಿ ಇಟ್ಟುಕೊಂಡೇ ಕೇಳಿದಳು: "ನಿಮಗೆ ಶೇವಿಂಗ್ ಬೇಕೋ, ಸುದ್ದಿ ಬೇಕೋ?"

ಡ್ರೈವರು ಉಗುಳು ನುಂಗಲೂ ಹೆದರಿ ಸುಮ್ಮನಾದ. ಎರಡು ವಾರ ಕಳೆಯುವುದರೊಳಗೆ ಅದೇ ಆಸಾಮಿ, "ಆ ಕನ್ನಡಕದ ಹುಡುಗೀನೇ ಗೆಲ್ಲೋದು, ಬರೆದಿಟ್ಕೊಳ್ಳಿ" ಎಂದು ಬೆಂಚಿನವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದ.

ಅವಳ ಮನೆ ಅಂಗಡಿಯ ಎದುರಿನ ಕಟ್ಟಡದ ಮೊದಲ ಮಹಡಿಯಲ್ಲಿ. ಒಂದು ಅಡುಗೆಮನೆ, ಒಂದು ಕೋಣೆ. ಆಸ್ಪತ್ರೆಯಿಂದ ಬಂದ ದಿನವೇ, ಬೀಳದಿರಲಿ ಎಂದು ಗಂಡನ ಮಂಚವನ್ನು ಗೋಡೆಗೆ ಒತ್ತಿ ಹಾಕಿದ್ದರು. ಅವನ ಎಡಕ್ಕೆ ಗೋಡೆ, ಬಲಕ್ಕೆ ಒಂದು ಸ್ಟೂಲು, ಸ್ಟೂಲಿನ ಮೇಲೆ ನೀರು. ಹಾಕಿದ್ದು ಹಾಗೇ ಎರಡು ವರ್ಷ ಉಳಿಯಿತು.

ಒಂದು ಮಧ್ಯಾಹ್ನ ಗಂಡನ ಅಕ್ಕ ಹೇಳದೆ ಕೇಳದೆ ಬಂದಳು. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಹೆಂಗಸು ಅವಳು. ಬಾಯಿ ಜೋರು, ಕರುಳು ಮೆತ್ತಗೆ. ಬಂದು ನೋಡಿದರೆ ಲೋಟ ನೆಲದ ಮೇಲೆ ಉರುಳಿದೆ, ತಮ್ಮನ ಅಂಗಿ ಒದ್ದೆ, ತುಟಿ ಒಣಗಿದೆ. ಬೆಳಿಗ್ಗೆ ಹತ್ತಕ್ಕೆ ಎಡಗೈಯನ್ನು ಮೈಮೇಲಿಂದ ಆಚೆಗೆ ಚಾಚಿ ಲೋಟ ಉರುಳಿಸಿಕೊಂಡವನು, ಮಧ್ಯಾಹ್ನ ಎರಡರವರೆಗೆ ಹಾಗೇ ಮಲಗಿದ್ದ. ಕೂಗಿದರೆ ಬೀದಿ ದಾಟುವಷ್ಟು ದನಿ ಇರಲಿಲ್ಲ.

ಊಟಕ್ಕೆಂದು ಬಂದ ಕತ್ತರಿಯಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. "ಅತ್ತಿಗೆ, ಅಂಗಡೀಲಿ ಜನ ಇದ್ರು..."

"ಅಂಗಡಿ ಮಾತು ಬಿಡು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ನಿನ್ನ ಕೈಲಿ ಆಗ್ತಿಲ್ಲ ಕಣೇ. ತಪ್ಪು ಮಾಡಿದೆ ಅಂತಿಲ್ಲ, ಆಗ್ತಿಲ್ಲ ಅಂತಿದೀನಿ. ನಮ್ಮನೆ ಹತ್ರ ಒಂದು ಆರೈಕೆ ಕೇಂದ್ರ ಇದೆ. ಹೊತ್ತುಹೊತ್ತಿಗೆ ನೀರು, ಔಷಧಿ ಎಲ್ಲಾ ಕೊಡ್ತಾರೆ. ಭಾನುವಾರ ವ್ಯಾನ್ ತರ್ತೀನಿ, ಕರ್ಕೊಂಡು ಹೋಗ್ತೀನಿ."

ಕತ್ತರಿಯಕ್ಕ ಗಂಡನ ಮುಖ ನೋಡಿದಳು. ಅವನು ಗೋಡೆ ನೋಡುತ್ತಾ, "ಹೋಗ್ತೀನಿ. ನಿನಗೂ... ಸುಲಭ" ಎಂದ.

ಅತ್ತಿಗೆಯ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಒದ್ದೆ ಅಂಗಿ ಕಣ್ಣ ಮುಂದೆಯೇ ಇತ್ತಲ್ಲ. ಸಿಟ್ಟು ಬಂದದ್ದು ಗಂಡನ ಮೇಲೆ. ಸುಲಭವಂತೆ! ಸುಲಭ ಬೇಕಿದ್ದವಳು ಆ ಶಟರ್ ಎತ್ತುತ್ತಿದ್ದಳೇ? ಅತ್ತಿಗೆ ಹೋದ ಮೇಲೆ ಅಂಗಿ ಬದಲಿಸುತ್ತಾ ಹೇಳಿಯೇಬಿಟ್ಟಳು: "ಹೋಗ್ತೀನಿ ಅಂತ ನೀವು ಅಂದ್ರಿ. ಕಳಿಸ್ತೀನಿ ಅಂತ ನಾನಂದ್ನಾ?"

ಮಾರನೆಯ ದಿನ ಹನ್ನೊಂದರ ಸ್ಪರ್ಧೆಯಲ್ಲಿ ಕನ್ನಡಕದ ಹುಡುಗಿಗೆ ಸಿಕ್ಕಿದ್ದು ಒಂದು ಇಕ್ಕಟ್ಟಾದ ಮಲಗುವ ಕೋಣೆ. ಅವಳು ಒಳಗೆ ಹೋದವಳೇ ಏನನ್ನೂ ಮುಟ್ಟದೆ ಆ ಮಂಚದ ಮೇಲೆ ಅಂಗಾತ ಮಲಗಿ ಸುತ್ತಲೂ ಕಣ್ಣಾಡಿಸಿದಳು. ಎದ್ದು ಮಂಚ ತಿರುಗಿಸಿದಳು, ಮಲಗಿದವರ ಕೈಗೆಟಕುವಂತೆ ತಲೆಯ ಕಡೆಯ ಗೋಡೆಗೊಂದು ಹಲಗೆ ಹೊಡೆಸಿದಳು, ದೀಪದ ಸ್ವಿಚ್ಚನ್ನು ಹಲಗೆಯ ಕೆಳಗೇ ತಂದಳು, ಕಿಟಕಿಯ ಬೆಳಕು ಬೀಳುವಲ್ಲಿ ಕನ್ನಡಿ ಇಟ್ಟಳು. ನೋಡುತ್ತಾ ನೋಡುತ್ತಾ ಕತ್ತರಿಯಕ್ಕನ ಕೈ ನಿಂತೇಹೋಯಿತು.

"ಅಕ್ಕಾ, ಅರ್ಧ ತಲೆ ಬಾಕಿ ಇದೆ" ಎಂದ ಕುರ್ಚಿಯಲ್ಲಿದ್ದವನು.

ಮಧ್ಯಾಹ್ನ ಗಂಡನನ್ನು ಕುರ್ಚಿಗೆ ಕೂರಿಸಿ, ಅವನ ಜಾಗದಲ್ಲಿ ತಾನು ಮಲಗಿದಳು. ಮೇಲೆ ತೇವದ ಕಲೆ. ಕಣ್ಣಿಗೆ ಚುಚ್ಚುವ ಬಲ್ಬು. ಎಡಗೈ ಎತ್ತಿದರೆ ಗೋಡೆ. ಐದು ನಿಮಿಷಕ್ಕೇ ಉಸಿರು ಕಟ್ಟಿದಂತಾಯಿತು. ಎರಡು ವರ್ಷದಿಂದ ಈ ಮನುಷ್ಯ ಇದನ್ನೇ ನೋಡಿಕೊಂಡು ಬಿದ್ದಿದ್ದಾನಲ್ಲ, ದಿನಾ ಒಳಗೆ ಬಂದು ಹೋಗುವ ತನಗೆ ಒಂದು ಸಲವಾದರೂ ಹೊಳೆಯಿತೇ! ನಾಚಿಕೆಯಿಂದ ಅವಳಿಗೆ ಅಳು ಬಂತು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಬಡಗಿಯನ್ನು ಕರೆಸಿದಳು.

ಬಡಗಿ ಅಂಗಡಿಯ ಹಳೆಯ ಗಿರಾಕಿ. ಕನ್ನಡಿಯಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಹಳೆಯ ಪೇಪರಿನ ಮೇಲೆ ಗೀಚಿ ಕೊಟ್ಟಳು: ಮಂಚ ಈ ಗೋಡೆಗೆ, ಹಲಗೆ ಈ ಕಡೆಗೆ, ಸ್ವಿಚ್ಚು ಇಲ್ಲಿ. ಅವನು ಗಲ್ಲ ಕೆರೆದುಕೊಂಡ. "ಅಕ್ಕಾ, ಮಂಚ ಆ ಗೋಡೆಗೆ ಹಾಕಿದ್ರೆ ಬಾಗಿಲು ಅರ್ಧಾನೇ ತೆರೆಯೋದು."

"ಅರ್ಧ ಸಾಕು. ಬರೋರು ಸ್ವಲ್ಪ ಸಣ್ಣಗಾಗಲಿ."

"ಯಾಕೆ... ಇದೆಲ್ಲ? ನಾಲ್ಕು ದಿನಕ್ಕೆ?" ಎಂದ ಗಂಡ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಬುಧವಾರ ಅಂಗಡಿಗೆ ರಜೆ. ಬಡಗಿಯ ಜೊತೆ ಸೇರಿ ಮಂಚ ಎಳೆದಳು, ಬೀಳದಂತೆ ತೆರೆದ ಬದಿಗೆ ಗಿಡ್ಡ ಅಡ್ಡಪಟ್ಟಿ ಹಾಕಿಸಿದಳು, ತಾನೇ ಸ್ಟೂಲು ಹತ್ತಿ ತೇವದ ಕಲೆಯ ಮೇಲೆ ತಿಳಿಹಳದಿ ಬಣ್ಣ ಬಳಿದಳು. ಅಂಗಡಿಯ ಎರಡು ಕನ್ನಡಿಗಳಲ್ಲಿ ಗಂಡ ನಿಂತು ಕೆಲಸ ಮಾಡುತ್ತಿದ್ದ ಜಾಗದ್ದನ್ನೇ ಕಳಚಿ ತಂದು ಕಿಟಕಿಯ ಎದುರಿಗೆ ಹಾಕಿದಳು. ಅವನು ಮಲಗಿದಲ್ಲಿಂದಲೇ ಬೀದಿ ಕಾಣಿಸಿತು, ಬೀದಿಯಾಚೆ ಅಂಗಡಿಯ ಬಾಗಿಲೂ ಕಾಣಿಸಿತು. ಆ ಸಂಜೆ ಅವನು ಒಂದು ಸಲವೂ ಗೋಡೆಯ ಕಡೆ ಮುಖ ಮಾಡಲಿಲ್ಲ.

ಗುರುವಾರ ಮಧ್ಯಾಹ್ನ ಬಂದಾಗ ಹಲಗೆಯ ಮೇಲಿನ ಲೋಟ ಖಾಲಿ ಇತ್ತು. ತುಂಬಿಸಿಡಲು ಮರೆತೆನೇನೋ ಎಂದು ತನ್ನನ್ನೇ ಬೈದುಕೊಂಡಳು. ಶುಕ್ರವಾರವೂ ಖಾಲಿ. ತಲೆ ಕೆಟ್ಟಿದೆ ನನಗೆ ಅಂದುಕೊಂಡಳು.

ಭಾನುವಾರ ಬಂತು. ಅಂಗಡಿಗೆ ಅದು ಸುಗ್ಗಿಯ ದಿನ. ಆದರೂ ಶಟರ್ ಎತ್ತದೆ ಮನೆಯಲ್ಲೇ ಕಾದಳು. ವ್ಯಾನ್ ಕೆಳಗೆ ನಿಂತಿತು. ಅತ್ತಿಗೆ ತುಂಬಿದ ಮೈಯವಳು. ಅರ್ಧ ಬಾಗಿಲಲ್ಲಿ ಅಡ್ಡಡ್ಡ ತಿರುಗಿ, ಏದುಸಿರು ಬಿಟ್ಟು ಒಳಗೆ ಬಂದಳು. ಸುತ್ತಲೂ ನೋಡಿದಳು. ಕಣ್ಣು ಅರಳಿತು, ಮರುಕ್ಷಣವೇ ಹುಬ್ಬು ಗಂಟಾಯಿತು.

"ಇದು ಆ ಕನ್ನಡಕದ ಹುಡುಗಿ ಗೆದ್ದ ಕೋಣೆ ಅಲ್ವಾ? ನಾನೂ ನೋಡಿದೆ ಕಣೇ. ಆದ್ರೆ ನೀನು ಎಲ್ಲಾ ಉಲ್ಟಾ ಮಾಡಿಟ್ಟಿದೀಯಲ್ಲೇ! ಅಲ್ಲಿ ಮಂಚ ಆ ಗೋಡೆಗಿತ್ತು. ಹಲಗೆ, ಸ್ವಿಚ್ಚು ಎಲ್ಲಾ ಮಲಗಿದೋರ ಬಲಗೈಗಿತ್ತು."

"ಇಲ್ಲ ಅತ್ತಿಗೆ, ನಾನು ಕಣ್ಣಾರೆ ನೋಡಿದೀನಿ..." ಎನ್ನುತ್ತಿದ್ದವಳ ಕಣ್ಣು ಎದುರಿನ ಕನ್ನಡಿಯ ಮೇಲೆ ಬಿತ್ತು. ಅದರಲ್ಲಿ ಅತ್ತಿಗೆಯ ಎಡಗೈಯ ವಾಚು ಬಲಗೈಯಲ್ಲಿತ್ತು. ಅಯ್ಯೋ! ಬೆಳಗಾದರೆ ಕನ್ನಡಿಯ ಮುಂದೆ ನಿಂತು, ಟೀವಿಯನ್ನೂ ಅದರಲ್ಲೇ ನೋಡುವವಳಿಗೆ ಇಷ್ಟು ತಿಳಿಯದೆ ಹೋಯಿತೇ? ಇಡೀ ಕೋಣೆಯನ್ನೇ ತಿರುಗಾಮುರುಗಾ ಮಾಡಿ ಕೂರಿಸಿದ್ದಳು.

"ಪಾಪ, ಕಷ್ಟ ಪಟ್ಟಿದೀಯ, ಇಲ್ಲ ಅನ್ನಲ್ಲ" ಎಂದಳು ಅತ್ತಿಗೆ. "ನಡಿ ತಮ್ಮಾ, ವ್ಯಾನ್ ಕಾಯ್ತಿದೆ."

ಟಕ್ ಎಂದು ದೀಪ ಹತ್ತಿತು. ಇಬ್ಬರೂ ತಿರುಗಿದರು. ಗಂಡನ ಎಡಗೈ ಸ್ವಿಚ್ಚಿನ ಮೇಲಿತ್ತು. ಟಕ್, ಆರಿಸಿದ. ಅದೇ ಕೈ ಹಲಗೆಯ ಮೇಲಿನ ಲೋಟ ಹಿಡಿಯಿತು, ತುಟಿಯ ತನಕ ಬಂತು. ಅವನು ಗಟಗಟ ಕುಡಿದು, ಲೋಟವನ್ನು ಇದ್ದ ಜಾಗಕ್ಕೇ ಇಟ್ಟು, ಬಾಯಿ ಒರೆಸಿಕೊಂಡ. ಅಂಗಿಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

"ಮೂರು ದಿನದಿಂದ... ಕಲೀತಿದ್ದೆ" ಎಂದ. "ಅಕ್ಕಾ, ವ್ಯಾನ್... ಕಳಿಸು."

"ಯೋಚನೆ ಮಾಡೋ, ತಮ್ಮಾ."

"ಮಾಡಿದೀನಿ. ಹೋಗಲ್ಲ."

ಕತ್ತರಿಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹೌದು ಅತ್ತಿಗೆ, ಉಲ್ಟಾನೇ. ಆಸ್ಪತ್ರೆಯಿಂದ ಹಿಡಿದು ಟೀವಿ ತನಕ ಎಲ್ಲಾರೂ ಬಲಗೈಯೋರಿಗೆ ಅಂತಾನೇ ಮಾಡಿಟ್ಟಿರೋದು. ನಮ್ಮನೇಲಿ ನಡೆಯೋದು ಎಡಗೈ. ಆ ತೀರ್ಪುಗಾರರೇ ಬಂದು ಇಲ್ಲಿ ಕೂತ್ರೂ ನಾನು ಇದನ್ನ ತಿರುಗಿಸಲ್ಲ!"

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಮ್ಮನ ಪಕ್ಕ ಕೂತು ಅವನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು ಸವರಿದಳು. ಆಮೇಲೆ ಎದ್ದು ಹೊರಟು, ಬಾಗಿಲಲ್ಲಿ ಮತ್ತೆ ಸಿಕ್ಕಿಕೊಂಡಳು. "ಈ ಬಾಗಿಲಾದ್ರೂ ಸರಿ ಮಾಡ್ಸೇ, ಮಾರಾಯ್ತಿ!"

"ಅದೂ ಹಾಗೇ ಇರುತ್ತೆ ಅತ್ತಿಗೆ. ವಾರವಾರ ಬನ್ನಿ, ಅಭ್ಯಾಸ ಆಗುತ್ತೆ."

ವ್ಯಾನ್ ಖಾಲಿಯಾಗಿ ಹೊರಟದ್ದನ್ನು ಗಂಡ ಕನ್ನಡಿಯಲ್ಲಿ ನೋಡಿದ. ಅವನ ಕಣ್ಣು ಅಲ್ಲೇ ನಿಂತಿತು. ಲಕ್ವ ಹೊಡೆದ ಮೇಲೆ ಅಂಗಡಿಯ ಬಗ್ಗೆ ಒಂದು ಮಾತೂ ಎತ್ತದವನು, ಹಳೆಯ ಯಜಮಾನನ ಗತ್ತಿನಲ್ಲಿ ಹೇಳಿದ: "ಶಟರ್ ಮುಂದೆ... ಮೂರು ಗಿರಾಕಿ. ಆ ಲಾರಿಯೋನು... ಬೈತಿದಾನೆ. ಹೋಗು, ಹೋಗು."

ಕತ್ತರಿಯಕ್ಕ ಹೋಗಲಿಲ್ಲ. ಮಂಚದ ಅಂಚಿನಲ್ಲಿ, ಅವನ ಎಡಗಡೆಗೆ, ಆರಾಮಾಗಿ ಕಾಲು ನೀಡಿ ಕೂತಳು.

"ಕಾಯಲಿ ಬಿಡ್ರೀ. ಕೂದಲೇನು ಓಡಿಹೋಗುತ್ತಾ? ಬೆಳೀತಾನೇ ಇರುತ್ತೆ."