ಪಟ್ಟಿಯಲ್ಲಿ ಒಬ್ಬಳೇ ಕನಕಂ

ಆಲುವದಿಂದ ಬೆಳಿಗ್ಗೆ ಮೆಟ್ರೋ ಹಿಡಿದು ಎರ್ನಾಕುಳಂ ನಿಲ್ದಾಣಕ್ಕೆ ಬಂದೆ. ತಿರುವನಂತಪುರಕ್ಕೆ ಇನ್ನೂರು ಚಿಲ್ಲರೆ ಕಿಲೋಮೀಟರ್, ರೈಲಿನಲ್ಲಿ ನಾಲ್ಕೂವರೆ ಗಂಟೆ. ಯಜಮಾನರ ವರ್ಗಾವಣೆಯ ಬೆನ್ನಿಗೆ ಮೈಸೂರು ಬಿಟ್ಟು ಕೊಚ್ಚಿಗೆ ಬಂದ ಮೇಲೆ ಈ ದಾರಿಯಲ್ಲಿ ಹೋಗಿದ್ದೆಲ್ಲ ಪದ್ಮನಾಭನ ದರ್ಶನಕ್ಕೇ. ಈ ಸಲ ಕನಕಂ ಎಂಬ ಹುಡುಗಿಯ ಎದುರು ಕೂತು ತಪ್ಪು ಒಪ್ಪಿಕೊಳ್ಳಬೇಕಿತ್ತು.

ಆಲಪ್ಪುಳದಲ್ಲಿ ಪಳಂಪೊರಿ ಬಂತು, ನೇಂದ್ರ ಬಾಳೆಯ ಬಜ್ಜಿ. ಎದುರಿಗಿದ್ದ ಮಂಗಳೂರಿನ ಬ್ಯಾಂಕ್ ಅಧಿಕಾರಿ ಕಾಗದ ಸಮೇತ ಚಾಚಿದರು. "ತಗೊಳ್ಳಿ ಮಾರಾಯ್ರೆ, ಬಿಸಿ ಉಂಟು. ನಿಮಗೆ ಎಂತ ಕೆಲಸ?"

"ದೋಣಿ ಹತ್ತಿ ಹೋದವರ ಹೆಸರು ಕಂಪ್ಯೂಟರಿನಲ್ಲಿ ಸರಿಮಾಡೋದು."

"ಹೆಸರು ಸರಿಮಾಡ್ಲಿಕ್ಕೂ ಸಂಬಳ ಉಂಟಾ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮದು ಕೊಚ್ಚಿಯ ಪುಟ್ಟ ಸ್ವಯಂಸೇವಾ ಸಂಸ್ಥೆ. ಶಿಬಿರಗಳಲ್ಲಿ ಬೇಸತ್ತ ಲಂಕಾ ತಮಿಳು ನಿರಾಶ್ರಿತರು ಕೆಲವೊಮ್ಮೆ ಕದ್ದು ದೋಣಿ ಹತ್ತಿ ದೂರದ ದೇಶಕ್ಕೆ ಹೊರಟುಬಿಡುತ್ತಾರೆ. ಸುದ್ದಿ ನಿಂತರೆ ಮನೆಯವರು ನಮಗೆ ಫೋನ್ ಮಾಡುತ್ತಾರೆ. ಯಾರ್ಯಾರು ಹೋದರು, ಕೊನೆಯ ಕರೆ ಎಲ್ಲಿಂದ ಬಂತು, ಗಾಳಿ ಯಾವ ಕಡೆಗಿತ್ತು, ಎಲ್ಲ ಕೂಡಿಸಿ ಹುಡುಕುವವರಿಗೆ ಜಾಗವನ್ನೂ ಜನರ ಪಟ್ಟಿಯನ್ನೂ ಕೊಡುತ್ತೇವೆ. ಒಬ್ಬರಿಗಾಗಿ ನಾಲ್ಕು ಮಂದಿ ಫೋನ್ ಮಾಡುವುದುಂಟು. ಎರಡೆರಡು ಸಲ ಬಂದ ಹೆಸರನ್ನು ಒಂದು ಮಾಡುವುದು ನನ್ನ ಪಾಲಿನ ಕೆಲಸ.

ಆ ಹುಡುಗಿ ಹತ್ತಿದ್ದ ದೋಣಿಯ ಪಟ್ಟಿಯಲ್ಲಿ ಟಿ. ಕನಕಂ, ಎಸ್. ಕನಕಂ ಎಂದು ಎರಡು ಸಾಲಿದ್ದವು. ಎರಡರಲ್ಲೂ ವಯಸ್ಸು ಇಪ್ಪತ್ತೆರಡು, ಶಿಬಿರವೂ ಒಂದೇ. ಮದುವೆಯಾಗಿ ಅಪ್ಪನ ಇನಿಷಿಯಲ್ ಹೋಗಿ ಗಂಡನದು ಬಂದಿರಬೇಕು ಅಂದುಕೊಂಡು, ಯಾರನ್ನೂ ಕೇಳದೆ ಒಂದು ಸಾಲು ಅಳಿಸಿದೆ. ನಾನೇ ಜಾಣೆ ಎಂದು ಬೀಗಿದ್ದೆ ಕೂಡ. ಆದರೆ ಅವರು ಇಬ್ಬರು ಬೇರೆ ಬೇರೆ ಹುಡುಗಿಯರು, ಅಣ್ಣತಮ್ಮಂದಿರ ಮಕ್ಕಳು. ಇಬ್ಬರಿಗೂ ಅಜ್ಜಿಯ ಹೆಸರಿಟ್ಟಿದ್ದರು. ನಮ್ಮ ಮನೆಯಲ್ಲೇ ದೊಡ್ಡ ಸಾವಿತ್ರಿ, ಚಿಕ್ಕ ಸಾವಿತ್ರಿ ಇದ್ದೇವೆ, ಚಿಕ್ಕವಳು ನಾನು. ನನಗೇ ಹೊಳೆಯಲಿಲ್ಲವಲ್ಲ ಎಂದು ಇವತ್ತಿಗೂ ನನ್ನ ಮೇಲೆ ಸಿಟ್ಟು ಬರುತ್ತದೆ. ದೋಣಿ ಮಗುಚಿತ್ತು. ಪಟ್ಟಿಯಲ್ಲಿದ್ದಷ್ಟೂ ಜನ ಸಿಕ್ಕರೆಂದು ಹುಡುಕಾಟ ನಿಂತಿತು. ಮೂರು ದಿನದ ಮೇಲೆ ಎಸ್. ಕನಕಂಳ ಅಪ್ಪ ಮಗಳೆಲ್ಲಿ ಎಂದು ಫೋನ್ ಮಾಡಿದಾಗ ಹೊತ್ತು ಮೀರಿತ್ತು.

ತಿರುವನಂತಪುರದಲ್ಲಿ ಜಿಟಿಜಿಟಿ ಮಳೆ. ಆಟೋದವರು "ಚೇಚಿ, ಎವಿಡೆಯಾ?" ಎಂದು ಎಲ್ಲಿಗೆ ಹೋಗಬೇಕೆಂದು ಕೇಳಿ, ಮಹಿಳೆಯರ ಆಶ್ರಯಮನೆಯ ಗೇಟಿನಲ್ಲಿ ಇಳಿಸಿದರು. ಬದುಕಿ ಬಂದ ಟಿ. ಕನಕಂ ಇರುವುದು ಅಲ್ಲಿ. ಕಾಣೆಯಾದವರ ದಾಖಲೆಗೆ ಅವಳ ತಂಗಿ ಎಸ್. ಕನಕಂಳನ್ನು ಸೇರಿಸಲು, ದೋಣಿಯಲ್ಲಿ ಜೊತೆಗಿದ್ದ ಇವಳ ಸಹಿ ಬೇಕಿತ್ತು. ಹಾಲಿಲ್ಲದ ಕಟ್ಟನ್ ಚಾಯ ತಂದಿಟ್ಟಳು. ನನಗೆ ತಮಿಳು ಅಲ್ಪಸ್ವಲ್ಪ ಬರುತ್ತದೆ.

"ನಿನ್ನ ತಂಗಿಯ ಸಾಲು ಅಳಿಸಿದ್ದು ನಾನೇ," ಎಂದೆ.

ಅವಳು ಚಹಾದ ಲೋಟ ನನ್ನ ಕಡೆ ಸರಿಸಿದಳು. "ನಮ್ಮನ್ನ ನೀರಿಂದ ಎತ್ತಿದ ಹಡಗಿನ ಮೇಲೆ ಪಟ್ಟಿ ಓದಿದ್ರು ಅಕ್ಕಾ. ಕನಕಂ ಅಂದ್ರು, ಕೈ ಎತ್ತಿದೆ. ಇನ್ನೊಂದ್ಸಲ ಕನಕಂ ಅಂತಾರೆ, ಅವಳು ಇನ್ನೂ ಬಂದಿಲ್ಲ ಅಂತ ಹೇಳೋಣ ಅಂತ ಕಾದೆ. ಕರೀಲೇ ಇಲ್ಲ. ಬೇರೆ ಹಡಗಿನವರಿಗೆ ಸಿಕ್ಕಿರ್ಬೇಕು, ಅದಕ್ಕೇ ಕರೀಲಿಲ್ಲ ಅಂದ್ಕೊಂಡೆ. ಅವರು ಕೊಟ್ಟ ಗಂಜಿ ಕುಡಿದು ಮಲಗಿಬಿಟ್ಟೆ."

ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. ಕಾಗದ ಎಳೆದುಕೊಂಡು ಸಹಿ ಮಾಡಿ, "ಎಸ್ ಅಂತ ಸರಿಯಾಗಿ ಬರ್ದಿದೀರಾ?" ಎಂದು ಕೇಳಿದಳು. ತೋರಿಸಿದೆ.

ಮಧ್ಯಾಹ್ನದ ರೈಲಿಗೆ ಮರಳಿದೆ. ಈಗ ಹೆಸರು ಅಳಿಸುವ ಮುಂಚೆ ಮನೆಯವರಿಗೆ ಫೋನ್ ಮಾಡಿ ಕೇಳುತ್ತೇವೆ. ಒಂದೊಂದು ಕರೆಗೆ ಎರಡು ನಿಮಿಷ ಹಿಡಿಯುತ್ತದೆ. ಎಸ್. ಕನಕಂಗೆ ನಾನು ಆ ಎರಡು ನಿಮಿಷ ಕೊಡಲಿಲ್ಲ.