ಮಾವನ ಬಾಯಿಗೆ ಬಿದ್ದ ಬೀಗ

ನನ್ನ ಸೋದರತ್ತೆಗೆ ಒಲೆಯ ಮೇಲಿಟ್ಟ ಹಾಲು ನೆನಪಿರುವುದಿಲ್ಲ; ಕೋಟ್ಯಂತರ ಸೂರ್ಯರಷ್ಟು ತೂಕದ ಕಪ್ಪುಕುಳಿಗಳ ಲೆಕ್ಕ ಮಾತ್ರ ನಾಲಿಗೆಯ ತುದಿಯಲ್ಲಿ. ರೇಡಿಯೋ ದೂರದರ್ಶಕದ ಕಚೇರಿಯಲ್ಲೇ ಅವಳ ಆಯುಸ್ಸು ಸವೆದಿದೆ. ಅಂಥ ಎರಡು ಕುಳಿಗಳು ಒಂದನ್ನೊಂದು ಸುತ್ತಿದರೆ ಆಕಾಶವೇ ಸಣ್ಣಗೆ ಅಲುಗುತ್ತದಂತೆ. ದೂರದ ನಕ್ಷತ್ರಗಳ ಮಿಡಿತ ತುಸು ಹಿಂದುಮುಂದಾದಾಗ ಅದು ಗೊತ್ತಾಗುತ್ತದೆ. ಅತ್ತೆ ಅದನ್ನು ಗುನುಗು ಎನ್ನುತ್ತಾಳೆ.

ಕುಳಿಗಳ ಸುತ್ತ ಕಣ್ಣಿಗೆ ಕಾಣದ ಕಪ್ಪು ದ್ರವ್ಯ ದಟ್ಟವಾಗಿದ್ದರೆ, ಅದರ ಎಳೆತಕ್ಕೆ ಅವು ಬೇಗ ಹತ್ತಿರ ಜಾರುತ್ತವೆ. ನಿಧಾನದ ಸುತ್ತುಗಳು ಬೇಗ ಮುಗಿದು ಗುನುಗಿನ ತಗ್ಗು ಸ್ವರ ಕ್ಷೀಣಿಸುತ್ತದೆ. ನಿವೃತ್ತಿಯ ಹೊಸ್ತಿಲಲ್ಲಿ ಅತ್ತೆಗೆ ಆ ಕ್ಷೀಣಿಸಿದ ಸ್ವರ ಸಿಕ್ಕಿತು.

ಆದರೆ ಅಲ್ಲೊಂದು ಪದ್ಧತಿ. ತಮ್ಮ ಆಸೆಯನ್ನೇ ಕಂಡು ಯಾರೂ ಮೋಸಹೋಗಬಾರದೆಂದು, ಅಳತೆಗಳೊಳಗೆ ಒಬ್ಬರು ಗುಟ್ಟಾಗಿ, ಪರೀಕ್ಷೆಗೆಂದು, ನಿಜದಂತೆಯೇ ಕಾಣುವ ಸುಳ್ಳು ಗುರುತು ಸೇರಿಸಬಹುದು, ಸೇರಿಸದೆಯೂ ಇರಬಹುದು. ಲೆಕ್ಕ ಮುಗಿದು ಎಲ್ಲರೂ ಸೇರಿದ ದಿನವೇ ಬಾಯಿಬಿಡಬೇಕು. ಈ ಸಲ ಆ ಕೆಲಸ ಬಿದ್ದದ್ದು ಅದೇ ಕಚೇರಿಯಲ್ಲಿರುವ ಅವಳ ಗಂಡನಿಗೆ, ನನ್ನ ಮಾವನಿಗೆ. ಇಂಥ ಸಂಸಾರಕ್ಕೆ ಏನನ್ನಬೇಕೋ!

ಅವಳು ಸಿಕ್ಕಿತೆಂದು ಹೇಳಿದ ದಿನದಿಂದ ಮಾವ ಪಾತ್ರೆ ತೊಳೆಯತೊಡಗಿದರು. ಹುಟ್ಟಿದಾಗಿನಿಂದ ಒಂದು ಲೋಟ ತೊಳೆಯದ ಮನುಷ್ಯ!

"ರೀ, ನಿಜ ಹೇಳಿ. ನೀವೇ ಸೇರಿಸಿದ್ದು ತಾನೇ?"

"ಚಹಾ ಆರುತ್ತೆ, ಕುಡಿ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ಈ ಪಾತ್ರೆ ಸೇವೆ ಯಾಕೆ ಅಂತ ನಂಗೊತ್ತಿಲ್ವಾ?"

ನನಗೆ ಫೋನ್ ಮಾಡಿ ಅತ್ತಳು. "ಎಲ್ಲಾ ನೀರಲ್ಲಿ ಹೋಮ ಆಯ್ತು ಕಣೋ. ಇನ್ನೊಂದ್ಸಲ ಹುಡುಕೋಕೆ ನಂಗೆ ವರ್ಷಗಳೇ ಉಳಿದಿಲ್ಲ." ನನಗೂ ಮಾವನ ಮೇಲೆ ಕೆಟ್ಟ ಕೋಪ ಬಂತು.

ಗುಟ್ಟು ಬಿಡಿಸುವ ದಿನ ಮನೆಯವರಿಗೂ ಪ್ರವೇಶವಿತ್ತು. ಪರದೆಯ ಮೇಲೆ ಅತ್ತೆಯ ಗೆರೆ, ತಗ್ಗು ಸ್ವರದ ಎಡತುದಿಯಲ್ಲಿ ಕೆಳಗಿಳಿದಿತ್ತು. ಮಾವ ಎದ್ದು ನಿಂತರು.

"ನಾನು ಏನೂ ಸೇರಿಸಿಲ್ಲ."

ಹಾಗಾದರೆ ಅತ್ತೆಗೆ ಸಿಕ್ಕಿದ್ದು ನಿಜವಾದ ಗುರುತೇ. ಅಬ್ಬಾ, ಯಾರ ಕಣ್ಣಿಗೂ ಬೀಳದ ದ್ರವ್ಯ, ಯಾರೂ ಹೋಗಲಾರದಷ್ಟು ದೂರದಿಂದ ತನ್ನ ಭಾರವನ್ನು ಆ ಗೆರೆಯ ಮೇಲೆ ಇಟ್ಟಿತ್ತು. ನನ್ನ ಮೈ ಜುಮ್ಮೆಂದಿತು.

ಅತ್ತೆ ಎಲ್ಲರೆದುರೇ ಕೇಳಿದಳು: "ಮತ್ತೆ ಆ ಪಾತ್ರೆಗಳು?"

"ಆ ಗುರುತು ನಾನು ಹಾಕಿದ್ದಲ್ಲ ಅಂತ ಇಡೀ ಲೋಕದಲ್ಲಿ ನಂಗೊಬ್ಬನಿಗೇ ಗೊತ್ತಿತ್ತು ಕಣೇ. ನಿಂಗೂ ಹೇಳೋ ಹಾಗಿರ್ಲಿಲ್ಲ. ಸುಮ್ನೆ ಕೂರೋಕಾಗ್ಲಿಲ್ಲ."