ಹೆಬ್ಬೆಟ್ಟು ಒತ್ತದ ಅಜ್ಜಿ

ಅಜ್ಜಿಯ ಪಾದಗಳು ಬೇಯಿಸಿದಂತೆ ಬೆಳ್ಳಗಿದ್ದವು. ಮೊಣಕಾಲಿನವರೆಗೂ ಸುಕ್ಕು, ಬೆರಳ ಸಂದಿಯಲ್ಲಿ ಎಂದೂ ಮಾಯದ ಬಿರುಕು. ಮದುವೆಯಾಗಿ ಬಂದಂದಿನಿಂದ ಪೇಟೆಯವರ ಬಟ್ಟೆಯನ್ನು ಕೆರೆಯಲ್ಲಿ ನಿಂತು ಒಗೆದವಳು ಅವಳು.

ತೊಂಬತ್ತರ ದಶಕದ ನಡುವೆ ನಾನು ಶಿಕಾರಿಪುರದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಸೊರಬದ ಕಡೆಯಿಂದ ದಿನಾ ಬಸ್ಸು. ಕೊನೆಯ ವರ್ಷ ಮೇಷ್ಟ್ರು ನಮ್ಮ ಐವರನ್ನು ಪೇಟೆಯ ನಡುವಿನ ಒಂದು ಕೆರೆಗೆ ಕಳಿಸಿದರು. ಅದರ ಜೀವಿಗಳನ್ನು ಪಟ್ಟಿ ಮಾಡಿ ವರದಿ ಬರೆಯಬೇಕಿತ್ತು. ಒಂದು ಕಡೆಯಿಂದ ಚರಂಡಿ, ಇನ್ನೊಂದು ಕಡೆಯಿಂದ ಕಟ್ಟಡದ ಮಣ್ಣು ಆಗಲೇ ನೀರಿಗೆ ನುಗ್ಗಿದ್ದವು. ಮೊದಲ ದಿನ ಬೈನಾಕ್ಯುಲರ್ ಹಿಡಿದು ಎರಡು ತಾಸು ನಿಂತರೂ ನಮಗೆ ಕಂಡದ್ದು ಬೆಳ್ಳಕ್ಕಿ ಮತ್ತು ಎಮ್ಮೆ.

"ಅಲ್ಲೇನ್ ನೋಡ್ತೀರಿ? ಜೊಂಡಿನ ಬುಡ ನೋಡ್ರಿ," ಎಂದಳು ಅಲ್ಲೇ ನೀರಲ್ಲಿ ನಿಂತಿದ್ದ ಅಜ್ಜಿ, ಬಟ್ಟೆ ಬಡಿಯುವುದನ್ನು ನಿಲ್ಲಿಸದೆ. ಅವಳನ್ನು ನಾವು ಕಂಡದ್ದು ಅದೇ ಮೊದಲು. ನೋಡಿದೆವು. ಗುಳುಮುಳುಕ ಹಕ್ಕಿಯೊಂದು ತೇಲುವ ಗೂಡಿನಲ್ಲಿ ಮೊಟ್ಟೆಗಳಿಗೆ ಪಾಚಿ ಹೊದಿಸುತ್ತಿತ್ತು.

ಆಮೇಲೆ ಮೂರು ತಿಂಗಳು ಅವಳೇ ನಮಗೆ ಮೇಷ್ಟ್ರು. ಆಮೆ ಮೇಲೆ ಬರುವ ಹೊತ್ತು, ನೀರು ವಾಸನೆ ಹೊಡೆದಾಗ ಮೀನು ಸರಿಯುವ ದಿಕ್ಕು, ಎಲ್ಲ ಅವಳಿಗೆ ಗೊತ್ತಿತ್ತು. ಗೂಡಿನತ್ತ ಸೋಪಿನ ನೀರು ಹೋಗದಿರಲೆಂದು ಒಗೆಯುವ ಕಲ್ಲನ್ನೇ ಸರಿಸಿಕೊಂಡಿದ್ದಳು. ನಾವು ನೋಟ್‌ಬುಕ್ ಮರೆತರೆ, "ಬರಿಯಾಕೆ ಬಂದು ಕೈ ಬೀಸ್ಕಂಡು ನಿಂತ್ರೆ ಏನ್ ಬಂತು?" ಎಂದು ಬೈಯುತ್ತಿದ್ದಳು.

ಬೇಸಿಗೆಯಲ್ಲಿ ಒಂದು ಜೀಪು ಬಂತು. ತಾಲ್ಲೂಕು ಕಚೇರಿಯ ಸಾಹೇಬರೊಬ್ಬರು ಏರಿಯ ಮೇಲೆ ನಿಂತೇ ಕೆರೆ ಮುಚ್ಚಿಸಲು ಮಹಜರು ಬರೆಸಿದರು. ಸ್ಥಳೀಯರ ಸಹಿ ಬೇಕಿತ್ತು. ಅಜ್ಜಿಯನ್ನು ಕರೆದು ಶಾಯಿಯ ಡಬ್ಬಿ ಮುಂದೆ ಹಿಡಿದರು. ಅವಳು ನನ್ನತ್ತ ತಿರುಗಿ, "ಓದು ಮಗಾ, ಜೋರಾಗಿ," ಎಂದಳು.

ಓದಿದೆ. ಕೆರೆ ಪಾಳು ಬಿದ್ದಿದೆ, ಜಲಚರಗಳಿಲ್ಲ, ಯಾರೂ ಬಳಸುತ್ತಿಲ್ಲ.

ಅಜ್ಜಿಯ ಸೀರೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. "ಯಾರೂ ಇಲ್ಲ ಅಂತ ಬರ್ದು ನನ್ ಹೆಬ್ಬೆಟ್ಟು ಕೇಳ್ತೀರಲ್ರೀ, ನಾನೇನ್ ದೆವ್ವ ಏನ್ರೀ?"

"ಓದು ಬರಹ ಇಲ್ದೋಳು, ನಿಂಗ್ಯಾಕೆ ಅದೆಲ್ಲ? ಒತ್ತು," ಎಂದರು ಸಾಹೇಬರು.

"ಒತ್ತಂಗಿಲ್ರೀ." ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನೀರಿಗೆ ಇಳಿದುಬಿಟ್ಟಳು.

ಅರ್ಧ ಗಂಟೆಯೊಳಗೆ ಬಸ್ ನಿಲ್ದಾಣದಿಂದ ಯಾರೋ ಇಬ್ಬರನ್ನು ಹಿಡಿದು ತಂದು ಸಹಿ ಹಾಕಿಸಿದರು. ಅವರು ಕೆರೆಯ ಕಡೆ ತಿರುಗಿಯೂ ನೋಡಲಿಲ್ಲ. ನಾವು ನಮ್ಮ ಪಟ್ಟಿಯನ್ನು ಕಚೇರಿಗೆ ಒಯ್ದರೆ, "ಹುಡುಗ್ರ ಹೋಂವರ್ಕು" ಎಂದು ನಕ್ಕು ಹಿಂದಕ್ಕೆ ಕೊಟ್ಟರು. ಮಳೆಗಾಲಕ್ಕೆ ಮುಂಚೆಯೇ ಲಾರಿಗಳು ಮಣ್ಣು ಸುರಿದವು, ಗೂಡುಗಳ ಮೇಲೆಯೇ. ಎಲ್ಲ ಕಾಯಿದೆ ಪ್ರಕಾರವಂತೆ!

ಅಜ್ಜಿ ಬೋರ್‌ವೆಲ್ ಹತ್ತಿರ ಒಗೆಯಲು ಹೋದರೆ ಓಣಿಯವರು ಗದರಿ ಓಡಿಸಿದರು. ಕೊನೆಗೆ ಶಿರಾಳಕೊಪ್ಪದ ಮಗಳ ಮನೆ ಸೇರಿದಳು. ಎರಡು ವರ್ಷಕ್ಕೆ ಅಲ್ಲೇ ತೀರಿಕೊಂಡಳು.

ಆ ಸಾಹೇಬರ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆದರೆ ನಮ್ಮ ವರದಿಯ ಒಂದು ಪ್ರತಿ ನನ್ನ ಬಳಿ ಇದೆ. ಮೊದಲ ಪುಟದಲ್ಲಿ ಪ್ರಿನ್ಸಿಪಾಲರಿಗೆ, ಮೇಷ್ಟ್ರಿಗೆ, ಟೈಪ್ ಮಾಡಿಕೊಟ್ಟವರಿಗೂ ಕೃತಜ್ಞತೆ ಹೇಳಿದೆ. ಅಜ್ಜಿಯ ಸುದ್ದಿಯೇ ಇಲ್ಲ.

ಆ ಪುಟ ಬರೆದವನು ನಾನೇ.